ಹರಳೆಣ್ಣೆಯ ಎಂಜಿನ್, ಪೇಟದ ಪೈಲಟ್: ಹರ್ದಿತ್ ಸಿಂಗ್ ಮಲಿಕ್

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಶೇಂಗಾ ಹೊಲಗಳಲ್ಲಿ ಅಕ್ಕಡಿ ಸಾಲಿಗೆ ಹರಳು ಹಾಕುವುದು ಹಳೆಯ ಪದ್ಧತಿ. ಮಳೆ ಕೈಕೊಟ್ಟು ಶೇಂಗಾ ಹೂವಲ್ಲೇ ಒಣಗಿದರೂ ಹರಳಿನ ಬೇರು ಆಳಕ್ಕಿಳಿದು ನಾಲ್ಕು ಗೊನೆ ಉಳಿಸಿಕೊಡುತ್ತದೆ. ದಾವಣಗೆರೆಯಿಂದ ಉತ್ತರಕ್ಕೆ ಹೋದರೆ ಇದನ್ನೇ ಔಡಲ ಅನ್ನುತ್ತಾರೆ. ನೆತ್ತಿಗೆ ಹಚ್ಚಲು, ಮಕ್ಕಳ ಹೊಟ್ಟೆ ತೊಳೆಯಲು, ಎತ್ತಿನ ಗಾಡಿಯ ಅಚ್ಚಿಗೆ ಬಿಡಲು ಈ ಎಣ್ಣೆ ಬೇಕಿತ್ತು. ಮೊದಲ ಮಹಾಯುದ್ಧ ನಡೆದ 1914ರಿಂದ 1918ರವರೆಗೆ ಇದಕ್ಕೆ ಇನ್ನೊಂದು ಗಿರಾಕಿಯೂ ಇತ್ತು. ಯುರೋಪಿನ ಯುದ್ಧವಿಮಾನಗಳು. ಅಂದಿನ ಪ್ರಮುಖ ಫೈಟರ್ ವಿಮಾನಗಳಲ್ಲಿ ಹಲವು ಹರಳೆಣ್ಣೆಯಿಲ್ಲದೆ ನೆಲ ಬಿಟ್ಟು ಏಳುತ್ತಿರಲಿಲ್ಲ, ಮತ್ತು ಹರಳು ಬೀಜವನ್ನು ಹೊರದೇಶಕ್ಕೆ ಕಳಿಸುವುದರಲ್ಲಿ ಭಾರತವೇ ಮುಂದಿತ್ತು.

ಆ ವಿಮಾನಗಳನ್ನು ಹಾರಿಸಿದವರಲ್ಲಿ ಬೆರಳೆಣಿಕೆಯಷ್ಟು ಭಾರತೀಯರಿದ್ದರು. ಅವರಲ್ಲಿ ಸರ್ದಾರ್ ಹರ್ದಿತ್ ಸಿಂಗ್ ಮಲಿಕ್ ಅವರ ಬದುಕು ಬಲು ಉದ್ದದ್ದು, ಬಲು ವಿಸ್ತಾರದ್ದು. ಪೇಟ ತೆಗೆಯದೆ ಯುದ್ಧವಿಮಾನ ಹಾರಿಸಿದ ಮೊದಲ ಸಿಖ್ಖರು, ಮುಂದೆ ಪಟಿಯಾಲ ಸಂಸ್ಥಾನದ ಪ್ರಧಾನಿ, ಕೆನಡಾಕ್ಕೆ ಸ್ವತಂತ್ರ ಭಾರತದ ಮೊದಲ ಹೈಕಮಿಷನರ್, ಆಮೇಲೆ ಫ್ರಾನ್ಸಿನಲ್ಲಿ ನಮ್ಮ ರಾಯಭಾರಿ. ಕನ್ನಡದಲ್ಲಿ ಅವರ ಬಗ್ಗೆ ಬರೆದವರು ಕಡಿಮೆ. ಬರೆದ ಕಡೆಯಲ್ಲೂ ಪೇಟ ಮತ್ತು ಪರಾಕ್ರಮ, ಇವೆರಡೇ ಮುಂದೆ ಬರುತ್ತವೆ. ಅವರು ಕೂತಿದ್ದ ಯಂತ್ರ ಎಂಥದ್ದು, ಆ ಯಂತ್ರದ ಹತ್ತಿರ ಹೋಗಲು ಅವರಿಗೆ ಬೇಕಾಗಿದ್ದ ಕಾಗದ ಎಂಥದ್ದು ಎಂಬುದನ್ನು ಬಿಟ್ಟು ಈ ಮನುಷ್ಯನನ್ನು ಅರ್ಥ ಮಾಡಿಕೊಳ್ಳುವುದು ಸಾಧ್ಯವಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಕಾಗದದ ವಿಷಯ.

ಮಲಿಕ್ ಹುಟ್ಟಿದ್ದು 1894ರ ನವೆಂಬರ್ 23ರಂದು, ರಾವಲ್ಪಿಂಡಿಯಲ್ಲಿ. ಅನುಕೂಲಸ್ಥ ಮನೆತನ. ಹದಿನಾಲ್ಕರ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಹೋದರು. ಈಸ್ಟ್‌ಬೋರ್ನ್ ಕಾಲೇಜು, ಅಲ್ಲಿಂದ 1912ರಲ್ಲಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು. ಸಸೆಕ್ಸ್ ಕೌಂಟಿಗೆ ಕ್ರಿಕೆಟ್ ಆಡಿದರು, ಗಾಲ್ಫ್‌ನಲ್ಲಿ ಹೆಸರು ಮಾಡಿದರು. ಯುದ್ಧ ಶುರುವಾದಾಗ ಸಹಪಾಠಿಗಳೆಲ್ಲ ಒಬ್ಬರ ಹಿಂದೊಬ್ಬರು ಅಧಿಕಾರಿಗಳಾಗಿ ಸೈನ್ಯ ಸೇರಿದರು. ಮಲಿಕ್ ಅವರಿಗೆ ಮಾತ್ರ ಆ ಬಾಗಿಲು ಮುಚ್ಚಿತ್ತು. ಬ್ರಿಟಿಷ್ ರಾಜನ ಹೆಸರಿನಲ್ಲಿ ಕೊಡುವ ಪೂರ್ಣ ಅಧಿಕಾರಿ ಪದವಿ, ಅಂದರೆ ಕಿಂಗ್ಸ್ ಕಮಿಷನ್, ಆಗ ಭಾರತೀಯರಿಗೆ ಸಿಗುತ್ತಿರಲಿಲ್ಲ. ಸುಬೇದಾರರಾಗಬಹುದು, ಸುಬೇದಾರ್ ಮೇಜರ್ ಆಗಬಹುದು. ಮೂವತ್ತು ವರ್ಷ ಸೇವೆ ಮಾಡಿದ ಸುಬೇದಾರನೂ ನಿನ್ನೆ ಬಂದ ಬಿಳಿ ಲೆಫ್ಟಿನೆಂಟಿನ ಕೆಳಗೇ ನಿಲ್ಲಬೇಕಿತ್ತು.

1916ರಲ್ಲಿ ಅವರು ಫ್ರೆಂಚ್ ರೆಡ್ ಕ್ರಾಸ್ ಸೇರಿ ಆಂಬುಲೆನ್ಸ್ ಓಡಿಸಿದರು. ಅಲ್ಲಿದ್ದಾಗಲೇ ಫ್ರೆಂಚ್ ವಾಯುಸೇನೆಗೆ ಸೇರುವ ಪ್ರಯತ್ನವನ್ನೂ ಶುರು ಮಾಡಿದರು. ಫ್ರೆಂಚರು ಒಪ್ಪುವ ಸೂಚನೆ ಕೊಟ್ಟರು. ಈ ಸುದ್ದಿ ಆಕ್ಸ್‌ಫರ್ಡಿನ ಅವರ ಗುರು ಫ್ರಾನ್ಸಿಸ್ ಅರ್ಕರ್ಟ್ ಅವರಿಗೆ ಮುಟ್ಟಿತು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಯೊಬ್ಬನಿಗೆ ಬ್ರಿಟನ್ ಕೊಡದ ಅವಕಾಶವನ್ನು ಫ್ರಾನ್ಸ್ ಕೊಡುವುದು ನಾಚಿಕೆಗೇಡು ಎಂದು ಅವರು ಬ್ರಿಟಿಷ್ ಸೈನ್ಯದ ವಿಮಾನ ವಿಭಾಗವಾದ ರಾಯಲ್ ಫ್ಲೈಯಿಂಗ್ ಕೋರ್‌ನ ಮುಖ್ಯಸ್ಥರಾದ ಜನರಲ್ ಡೇವಿಡ್ ಹೆಂಡರ್ಸನ್ ಅವರಿಗೆ ಬರೆದರು. ಕೆಲಸ ಆಯಿತು. 1917ರ ಏಪ್ರಿಲ್ 5ರಂದು ಮಲಿಕ್ ತಾತ್ಕಾಲಿಕ ಸೆಕೆಂಡ್ ಲೆಫ್ಟಿನೆಂಟ್ ಆದರು.

ಈ ತಾರೀಖನ್ನು ಒಮ್ಮೆ ನಿಂತು ನೋಡಬೇಕು. ಭಾರತೀಯರಿಗೂ ಕಿಂಗ್ಸ್ ಕಮಿಷನ್ ಕೊಡಬಹುದು ಎಂಬ ಸರ್ಕಾರಿ ತೀರ್ಮಾನ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಆ ತೀರ್ಮಾನದ ನಂತರ ಇಂದೋರಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರಿದ್ದರು, ಅವರು ಅಧಿಕಾರಿಯಾದದ್ದು 1919ರಲ್ಲಿ. ಅಂದರೆ ಮಲಿಕ್ ನಿಯಮ ಬದಲಾಗುವ ಮೊದಲೇ, ಒಂದು ಪತ್ರದ ಬಲದಿಂದ, ಒಳಗೆ ಹೋದವರು. ಇದನ್ನು ಬರೀ ಅದೃಷ್ಟ ಅನ್ನುವುದು ಅನ್ಯಾಯ. ಫ್ರೆಂಚರ ಬಾಗಿಲು ತಟ್ಟಿ ಬ್ರಿಟಿಷರಿಗೆ ಮುಜುಗರ ತಂದದ್ದು ಅವರೇ. ಎರಡು ಸರ್ಕಾರಗಳ ನಡುವಿನ ಮಾನಾಪಮಾನ ಎಲ್ಲಿ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಇಪ್ಪತ್ತೆರಡರ ವಯಸ್ಸಿಗೇ ಅವರಲ್ಲಿತ್ತು. ಮುಂದಿನ ನಲವತ್ತು ವರ್ಷ ಅವರು ಮಾಡಿದ್ದು ಈ ಕೆಲಸವನ್ನೇ.

ಅದೇ ಕಾಲಕ್ಕೆ ಫ್ಲೈಯಿಂಗ್ ಕೋರ್ ಸೇರಿದ ಇನ್ನು ಮೂವರ ಹೆಸರು ಇಲ್ಲಿ ಬರಲೇಬೇಕು. ಇಂದ್ರ ಲಾಲ್ ರಾಯ್ ಹತ್ತು ವಿಮಾನಗಳನ್ನು ಉರುಳಿಸಿದ ಲೆಕ್ಕ ಪಡೆದು 1918ರ ಜುಲೈ 22ರಂದು ಹತರಾದರು. ವೆಲಿಂಕರ್ ಕೂಡ ಯುದ್ಧದಲ್ಲೇ ಜೀವ ಕಳೆದುಕೊಂಡರು. ಎರಾಲ್ ಸೇನ್ ಜರ್ಮನರ ಸೆರೆಯಾದರು. ಯುದ್ಧದ ಕೊನೆಯವರೆಗೂ ಹಾರುತ್ತ ಉಳಿದವರು ಮಲಿಕ್.

ತರಬೇತಿಯಲ್ಲಿ ಅವರು ಮೂರು ಗಂಟೆಗೂ ಕಡಿಮೆ ಹಾರಾಟದ ನಂತರ ಒಬ್ಬರೇ ವಿಮಾನ ಏರಿದರು. ಪೇಟ ತೆಗೆಯಲು ಒಪ್ಪಲಿಲ್ಲ. ಪೇಟದ ಮೇಲೆ ಕೂರುವಂತೆ ದೊಡ್ಡದಾದ ಶಿರಸ್ತ್ರಾಣವೊಂದನ್ನು ಹೇಳಿ ಮಾಡಿಸಿಕೊಂಡರು. ತೆರೆದ ಕಾಕ್‌ಪಿಟ್‌ನಲ್ಲಿ ಗಂಟೆಗೆ 180 ಕಿಲೋಮೀಟರ್ ವೇಗದ ಗಾಳಿಗೆ ಪೇಟ ಬಿಚ್ಚಿಕೊಂಡರೆ ಬಟ್ಟೆ ಕಣ್ಣಿಗೆ ಅಡ್ಡ ಬರಬಹುದು, ಕೈಗೆ ಸುತ್ತಿಕೊಳ್ಳಬಹುದು. ಹಾಗಾಗಿ ಆ ಶಿರಸ್ತ್ರಾಣ ಮರ್ಯಾದೆಯ ಜೊತೆಗೆ ಸುರಕ್ಷತೆಯ ಪ್ರಶ್ನೆಯೂ ಆಗಿತ್ತು. ಅವರನ್ನು 28ನೇ ಸ್ಕ್ವಾಡ್ರನ್‌ಗೆ ಹಾಕಿದರು. ವಿಮಾನ, ಸಾಪ್‌ವಿತ್ ಕ್ಯಾಮಲ್.

ಈಗ ಯಂತ್ರಕ್ಕೆ ಬರೋಣ. ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಯಾಕೆಂದರೆ ಈ ಎಂಜಿನ್ ಇವತ್ತಿನ ಯಾವ ಎಂಜಿನ್ನಿಗೂ ಹೋಲುವುದಿಲ್ಲ.

ಕ್ಯಾಮಲ್‌ಗೆ ಹೆಚ್ಚಾಗಿ ಕೂರಿಸುತ್ತಿದ್ದದ್ದು ಕ್ಲರ್ಜೆ 9ಬಿ ಎಂಬ ಫ್ರೆಂಚ್ ರೋಟರಿ ಎಂಜಿನ್. ಒಂಬತ್ತು ಸಿಲಿಂಡರ್, 120 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 160 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಒಟ್ಟು 16.3 ಲೀಟರ್ ಸಾಮರ್ಥ್ಯ, 130 ಅಶ್ವಶಕ್ತಿ, ತೂಕ ಸುಮಾರು 175 ಕಿಲೋ. ನಮ್ಮ ಟ್ರ್ಯಾಕ್ಟರಿನಲ್ಲಿ ಸಿಲಿಂಡರ್ ನಿಂತಿರುತ್ತದೆ, ಪಿಸ್ಟನ್‌ನ ಓಡಾಟವನ್ನು ಸುತ್ತಾಗಿ ಬದಲಿಸುವ ದಂಡ, ಅಂದರೆ ಕ್ರ್ಯಾಂಕ್, ತಿರುಗುತ್ತದೆ. ರೋಟರಿಯಲ್ಲಿ ಕ್ರ್ಯಾಂಕನ್ನು ವಿಮಾನದ ದೇಹಕ್ಕೆ ಬೋಲ್ಟ್ ಮಾಡಿ ನಿಲ್ಲಿಸಿರುತ್ತಾರೆ. ಒಂಬತ್ತೂ ಸಿಲಿಂಡರ್, ಕ್ರ್ಯಾಂಕ್‌ಕೇಸು, ಪ್ರೊಪೆಲ್ಲರ್ ಎಲ್ಲವೂ ಒಟ್ಟಿಗೆ ನಿಮಿಷಕ್ಕೆ 1,250 ಸುತ್ತು ತಿರುಗುತ್ತವೆ. ಸಿಲಿಂಡರುಗಳೇ ಗಾಳಿಯಲ್ಲಿ ಸುತ್ತುವುದರಿಂದ ತಂಪಾಗಲು ರೇಡಿಯೇಟರ್ ಬೇಡ, ನೀರು ಬೇಡ, ಬೇರೆ ಫ್ಲೈವೀಲ್ ಬೇಡ. ಹಗುರವಾಗಿಟ್ಟುಕೊಂಡು ಹೆಚ್ಚು ಶಕ್ತಿ ತೆಗೆಯುವ ಆ ಕಾಲದ ಉಪಾಯ ಇದು.

ಆದರೆ ತಿರುಗುವ ಸಿಲಿಂಡರಿಗೆ ಹೊರಗಿನಿಂದ ಪೆಟ್ರೋಲ್ ಪೈಪ್ ಹಾಕುವುದು ಹೇಗೆ? ನಿಂತಿರುವ ಕ್ರ್ಯಾಂಕಿನ ಮಧ್ಯೆ ಪೊಳ್ಳು ಮಾಡಿ, ಅದರೊಳಗಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಕ್ರ್ಯಾಂಕ್‌ಕೇಸಿಗೆ ಬಿಡುತ್ತಿದ್ದರು. ಅಲ್ಲಿಂದ ಅದು ಸಿಲಿಂಡರಿಗೆ ಏರುತ್ತಿತ್ತು. ಅಂದರೆ ಬೇರಿಂಗು, ಪಿನ್ನು, ಕನೆಕ್ಟಿಂಗ್ ರಾಡು, ಎಲ್ಲವೂ ಸದಾ ಪೆಟ್ರೋಲ್ ಆವಿಯಲ್ಲಿ ಮುಳುಗಿರುತ್ತಿದ್ದವು. ಅಲ್ಲಿಗೆ ಸಾಮಾನ್ಯ ಖನಿಜ ತೈಲ ಹಾಕಿದರೆ ಪೆಟ್ರೋಲ್ ಅದನ್ನು ಕರಗಿಸಿ ತೊಳೆದುಬಿಡುತ್ತದೆ. ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಹಿಡಿದುಕೊಳ್ಳುತ್ತದೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಕಾದರೂ ತನ್ನ ಜಿಗುಟನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ, ಲೋಹಕ್ಕೆ ಬಿಡದೆ ಅಂಟುತ್ತದೆ. ಈ ಮೂರು ಗುಣ ಒಟ್ಟಿಗಿರುವ ಅಗ್ಗದ ಎಣ್ಣೆ ಆಗ ಇನ್ನೊಂದು ಇರಲಿಲ್ಲ.

ಎಂಜಿನ್ನಿಗೆ ಎಲ್ಲ ಹರಳೆಣ್ಣೆಯೂ ಆಗುವುದಿಲ್ಲ ಎಂಬುದನ್ನು ಚಳ್ಳಕೆರೆಯ ಎಣ್ಣೆ ಗಿರಣಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಮಾಡುವಾಗ ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ಚಟಚಟ ಸದ್ದು ನಿಲ್ಲುವವರೆಗೆ ಮತ್ತೆ ಕಾಯಿಸುತ್ತಾರೆ. ನೆತ್ತಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ನೀರಿನ ಪಸೆ ಉಳಿದಿರುತ್ತದೆ, ಬಣ್ಣ ಕಂದು, ಆಮ್ಲಾಂಶ ಹೆಚ್ಚು. ಆಮ್ಲಾಂಶ ಲೋಹ ತಿನ್ನುತ್ತದೆ. ವಿಮಾನಕ್ಕೆ ಬೇಕಾದದ್ದು ಬಿಸಿ ಮಾಡದ ಬೀಜವನ್ನು ಒತ್ತಿ ತೆಗೆದ ಮೊದಲ ಹಿಂಡಿನ ಎಣ್ಣೆ: ತಿಳಿ ಬಣ್ಣ, ಕಡಿಮೆ ಆಮ್ಲ, ಸೋಸಿದ್ದು. ಬೀಜದ ತೂಕದ ಅರ್ಧಕ್ಕೆ ಹತ್ತಿರ ಎಣ್ಣೆ ಇದ್ದರೂ ಮೊದಲ ಹಿಂಡಿನಲ್ಲಿ ಅಷ್ಟೂ ಬರುವುದಿಲ್ಲ. ಬೀಜದಲ್ಲಿರುವ ರೈಸಿನ್ ಎಂಬ ವಿಷ ಎಣ್ಣೆಗೆ ಬಾರದೆ ಹಿಂಡಿಯಲ್ಲೇ ನಿಲ್ಲುತ್ತದೆ. ಅದಕ್ಕೇ ಹರಳಿಂಡಿ ತೋಟಕ್ಕೆ ಗೊಬ್ಬರವಾಗುತ್ತದೆ, ದನಕ್ಕೆ ಮೇವಾಗುವುದಿಲ್ಲ.

ರೋಟರಿಯಲ್ಲಿ ಎಣ್ಣೆ ಒಮ್ಮೆ ಒಳಗೆ ಹೋದರೆ ತಿರುಗಿ ಟ್ಯಾಂಕಿಗೆ ಬರುವುದಿಲ್ಲ. ಸುತ್ತುವ ವೇಗ ಅದನ್ನು ಸಿಲಿಂಡರಿನ ತಲೆಯ ಕಡೆಗೆ ಎಸೆಯುತ್ತದೆ, ಎಕ್ಸಾಸ್ಟ್ ವಾಲ್ವಿನಿಂದ ಅರ್ಧ ಸುಟ್ಟು, ಅರ್ಧ ಹಸಿಯಾಗಿ ಹೊರಗೆ ಹಾರುತ್ತದೆ. ಗಂಟೆಗೆ ಎಂಟು ಲೀಟರ್ ಆಸುಪಾಸಿನ ಎಣ್ಣೆ ಹೀಗೆ ಹೋಗುತ್ತಿತ್ತು. ಎಂಜಿನ್ನಿನ ಸುತ್ತಲಿನ ಕವಚದ ಕೆಳಭಾಗದಿಂದ ಬಹುಪಾಲು ಹೊರಹೋದರೂ ಉಳಿದದ್ದು ಮಂಜಿನಂತೆ ಪೈಲಟ್‌ನ ಮುಖಕ್ಕೆ ಬಡಿಯುತ್ತಿತ್ತು. ಕನ್ನಡಕ ಒರೆಸಿಕೊಳ್ಳದಿದ್ದರೆ ಮುಂದೆ ಕಾಣದು. ಎರಡೂವರೆ ಗಂಟೆ ಆ ಮಂಜನ್ನು ಉಸಿರಾಡಿ, ನುಂಗಿ ಇಳಿದವರ ಹೊಟ್ಟೆಯ ಪಾಡು ಏನಾಗುತ್ತಿತ್ತು ಎಂಬುದನ್ನು ಹರಳೆಣ್ಣೆ ಕುಡಿದು ಬೆಳೆದ ಮಂದಿ ಊಹಿಸಬಲ್ಲರು.

ಹರಳೆಣ್ಣೆಗೆ ಇನ್ನೊಂದು ದೋಷವಿದೆ. ಬಿಸಿಗೆ ಅದು ಗೋಂದಿನಂತೆ ಗಟ್ಟಿಯಾಗುತ್ತದೆ. ಪಿಸ್ಟನ್ ಉಂಗುರ ಕೂರುವ ತೋಡಿನಲ್ಲಿ ಅಂಟು ಕೂರುತ್ತದೆ, ವಾಲ್ವು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕೆಲವೇ ಹತ್ತಾರು ಗಂಟೆಗಳ ಹಾರಾಟಕ್ಕೊಮ್ಮೆ ಇಡೀ ಎಂಜಿನ್ ಬಿಚ್ಚಿ, ಕೆರೆದು, ತೊಳೆದು ಜೋಡಿಸಬೇಕಿತ್ತು. ಕ್ಲರ್ಜೆಯಲ್ಲಿ ಇನ್ನೂ ಒಂದು ಕಿರಿಕಿರಿ. ತಿರುಗುವ ಸಿಲಿಂಡರಿನ ಗಾಳಿಗೆ ಎದುರಾದ ಬದಿ ಬೇಗ ತಣ್ಣಗಾಗುತ್ತದೆ, ಹಿಂಬದಿ ಕಾದೇ ಇರುತ್ತದೆ. ಸಿಲಿಂಡರ್ ಪೂರ್ತಿ ದುಂಡಗೆ ಉಳಿಯದೆ ಸೊಟ್ಟಗಾಗುತ್ತದೆ. ಆ ಸೊಟ್ಟಕ್ಕೆ ಹೊಂದಿಕೊಳ್ಳಲಿ ಎಂದು ಪಿಸ್ಟನ್‌ಗೆ ತೆಳು ಲೋಹದ ಅಬ್ಚುರೇಟರ್ ಉಂಗುರ ಹಾಕಿದ್ದರು. ಅದು ಮುರಿದರೆ ಸಿಲಿಂಡರಿನ ಉರಿ ಕೆಳಗೆ ನುಗ್ಗಿ, ಶಕ್ತಿ ಬಿದ್ದು, ಎಂಜಿನ್ನೇ ಹಾಳಾಗುತ್ತಿತ್ತು.

ಶುರು ಮಾಡುವ ಕ್ರಮ ಹೀಗೆ. ವಿಮಾನದ ಗಾಲಿಗೆ ಅಡ್ಡ ಕಟ್ಟೆ ಕೊಡಬೇಕು. ಪೈಲಟ್ ಕೈಪಂಪಿನಿಂದ ಪೆಟ್ರೋಲ್ ಟ್ಯಾಂಕಿಗೆ ಚದರ ಅಂಗುಲಕ್ಕೆ ಎರಡೂವರೆ ಪೌಂಡಿನಷ್ಟು ಗಾಳಿಯ ಒತ್ತಡ ತುಂಬಬೇಕು. ಹಾರಿದ ಮೇಲೆ ಗಾಳಿಗೆ ತಿರುಗುವ ಪುಟ್ಟ ಪಂಪೊಂದು ಅದನ್ನು ನೋಡಿಕೊಳ್ಳುತ್ತದೆ. ಮೆಕ್ಯಾನಿಕ್ ಒಂದೊಂದು ಸಿಲಿಂಡರಿಗೂ ಚಿಮ್ಮುಗೊಳವೆಯಲ್ಲಿ ಪೆಟ್ರೋಲ್ ಬಿಟ್ಟು, ಪ್ರೊಪೆಲ್ಲರನ್ನು ಕೈಯಿಂದ ಸುತ್ತಿಸಿ, ಸ್ವಿಚ್ ಹಾಕಿಸಿ, ಎಳೆದು ಬಿಡುತ್ತಾನೆ. ಹೊತ್ತಿದ ಕೂಡಲೇ ಪೈಲಟ್ ನೋಡಬೇಕಾದದ್ದು ಡ್ಯಾಷ್‌ಬೋರ್ಡಿನ ಪುಟ್ಟ ಗಾಜಿನ ಬುಗುಟನ್ನು. ಅದರೊಳಗೆ ಎಣ್ಣೆ ಮಿಡಿಯುತ್ತಿದ್ದರೆ ಪಂಪ್ ಸರಿಯಿದೆ. ಮಿಡಿತ ನಿಂತರೆ ತಡ ಮಾಡದೆ ಸ್ವಿಚ್ ತೆಗೆಯಬೇಕು.

ಆಕ್ಸಿಲರೇಟರ್ ಎಂಬುದು ನಮಗೆ ಗೊತ್ತಿರುವ ಅರ್ಥದಲ್ಲಿ ಇರಲಿಲ್ಲ. ಗಾಳಿಗೆ ಒಂದು ಹಿಡಿ, ಪೆಟ್ರೋಲಿಗೆ ಇನ್ನೊಂದು. ಎರಡನ್ನೂ ಪೈಲಟ್ಟೇ ಹೊಂದಿಸಬೇಕು, ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಮತ್ತೆ ಮತ್ತೆ ಹೊಂದಿಸಬೇಕು. ವೇಗ ಇಳಿಸಲು ಹಿಡಿಕೋಲಿನ ಮೇಲಿದ್ದ ಗುಂಡಿ ಒತ್ತಿ ಕಿಡಿಯನ್ನೇ ಕಡಿಯಬೇಕು. ಆ ಹೊತ್ತಲ್ಲೂ ಪೆಟ್ರೋಲ್ ಹರಿಯುತ್ತಲೇ ಇರುತ್ತದೆ. ಗುಂಡಿಯನ್ನು ಅತಿಯಾಗಿ ಒತ್ತಿ ಹಿಡಿದರೆ ಕವಚದೊಳಗೆ ಪೆಟ್ರೋಲ್ ಸೇರಿ, ಕಿಡಿ ಮತ್ತೆ ಬಂದಾಗ ಬೆಂಕಿ.

ಕಲಿಯುವವರು ಸಾಯುತ್ತಿದ್ದದ್ದು ಹೆಚ್ಚಾಗಿ ಏಳುವಾಗಲೇ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಪೆಟ್ರೋಲಿನ ಹಿಡಿಯನ್ನು ತುಸು ಹಿಂದಕ್ಕೆ ತರಬೇಕಿತ್ತು. ಮರೆತರೆ ಮಿಶ್ರಣ ದಟ್ಟವಾಗಿ ಎಂಜಿನ್ ಕಟ್ಟಿಕೊಳ್ಳುತ್ತದೆ. ಮೂತಿ ಮೇಲಿದೆ, ವೇಗವಿಲ್ಲ, ಹಿಂದಿನ ಟ್ಯಾಂಕ್ ತುಂಬಿರುವುದರಿಂದ ಬಾಲ ಭಾರ. ವಿಮಾನ ತೊಟ್ಟು ಕಳಚಿಕೊಂಡು ಸುತ್ತುತ್ತ ಬೀಳುತ್ತದೆ. ಸುತ್ತಿನಿಂದ ಬಿಡಿಸಿಕೊಳ್ಳುವ ದಾರಿ ಎಲ್ಲರಿಗೂ ಹೇಳಿಕೊಟ್ಟಿರುತ್ತಿದ್ದರು: ವಿರುದ್ಧ ದಿಕ್ಕಿನ ರಡ್ಡರ್ (ಕಾಲಿನಿಂದ ನಡೆಸುವ ಬಾಲದ ಚುಕ್ಕಾಣಿ) ಪೂರ್ತಿ ತುಳಿ, ಹಿಡಿಕೋಲು ಮುಂದಕ್ಕೆ ಒತ್ತು. ಅದಕ್ಕೆ ಬೇಕಾದ ಎತ್ತರವೇ ಇರುತ್ತಿರಲಿಲ್ಲ. ಕ್ಯಾಮಲ್ ಹಾರಿಸುತ್ತ ಹೋರಾಟದಲ್ಲಿ ಸತ್ತವರು 413, ಹೋರಾಟದ ಹೊರಗೆ ಸತ್ತವರು 385 ಎಂಬ ಲೆಕ್ಕ ಇದನ್ನೇ ಹೇಳುತ್ತದೆ. ಕೊನೆಗೆ, ತಡವಾಗಿ, ಟ್ಯಾಂಕ್ ಚಿಕ್ಕದು ಮಾಡಿ ಎರಡು ಸೀಟಿನ ತರಬೇತಿ ಕ್ಯಾಮಲ್‌ಗಳನ್ನು ಮಾಡಿಕೊಂಡರು.

ತಿರುಗಿಸುವಾಗಿನ ತೊಂದರೆ ಬೇರೆ ಬಗೆಯದು. ಎಂಜಿನ್, ಮೆಷಿನ್‌ಗನ್, ಪೈಲಟ್, ಟ್ಯಾಂಕ್, ಹೀಗೆ ಒಟ್ಟು ಭಾರದ ಬಹುಪಾಲು ಮುಂದಿನ ಏಳು ಅಡಿಯಲ್ಲೇ ಇತ್ತು. ತುಂಬಿದ ವಿಮಾನದ ತೂಕ 660 ಕಿಲೋ. ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು ತೂಕದ ಎಂಜಿನ್ ತಾನೇ ಸುತ್ತುತ್ತಿದೆ. ಜೋರಾಗಿ ಆಡುತ್ತಿರುವ ಬುಗುರಿಯನ್ನು ಒಂದು ಬದಿಗೆ ತಳ್ಳಿದರೆ ಅದು ಇನ್ನೊಂದು ಬದಿಗೆ ಓಲುತ್ತದಲ್ಲ, ಇಲ್ಲೂ ಅದೇ. ಬಲಕ್ಕೆ ತಿರುಗಿಸಿದರೆ ಮೂತಿ ಕೆಳಗೆ ಬೀಳುತ್ತದೆ, ಎಡಕ್ಕೆ ತಿರುಗಿಸಿದರೆ ಮೂತಿ ಮೇಲೇಳುತ್ತದೆ, ಎರಡಕ್ಕೂ ಎಡ ರಡ್ಡರೇ ಬೇಕು. ಪಳಗಿದವರಿಗೆ ಇದೇ ವರ. ಬಲತಿರುವನ್ನು ಕ್ಯಾಮಲ್‌ನಷ್ಟು ಬೇಗ ತೆಗೆಯುವ ವಿಮಾನ ಎದುರಾಳಿಗಳಲ್ಲಿ ಅಪರೂಪ. ಕುದಾಪುರದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇವತ್ತು ಹಾರುವ ಮಾನವರಹಿತ ವಿಮಾನಗಳಲ್ಲಿ ಇಂಥ ಓಲಾಟವನ್ನೆಲ್ಲ ಕಂಪ್ಯೂಟರ್ ತಿದ್ದುತ್ತದೆ. ಆದರೂ 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಚಳ್ಳಕೆರೆ ಹತ್ತಿರದ ಜೋಡಿ ಚಿಕ್ಕೇನಹಳ್ಳಿ ಬಳಿ ಬಿತ್ತು. ಪರೀಕ್ಷೆಯಲ್ಲಿರುವ ಯಂತ್ರ ಬೀಳುತ್ತದೆ. ಈ ಬಾರಿ ಒಳಗೆ ಯಾರೂ ಇರಲಿಲ್ಲ. ಕ್ಯಾಮಲ್‌ನಲ್ಲಿ ತಿದ್ದುವ ಕೆಲಸವೆಲ್ಲ ಪೈಲಟ್‌ನ ಎಡಗಾಲಿನದು.

ಮೈಗೆ ಬಂದರೆ, ಸ್ಪ್ರೂಸ್ ಮತ್ತು ಆ್ಯಶ್ ಮರದ ಹಂದರ, ತಂತಿಯ ಬಿಗಿತ, ಮೇಲೆ ಲಿನನ್ ಬಟ್ಟೆ. ನಾವು ಚಟ್ನಿಪುಡಿಗೆ ಹುರಿಯುವ ಅಗಸೆಯ ಗಿಡದ ಕಾಂಡದ ನಾರೇ ಆ ಲಿನನ್. ಅದನ್ನು ಪಕ್ಕೆಲುಬುಗಳಿಗೆ ಹೊಲಿದು, ಡೋಪ್ ಎಂಬ ಸೆಲ್ಯುಲೋಸ್ ದ್ರವವನ್ನು ಹಲವು ಸಲ ಬಳಿದರೆ ಬಟ್ಟೆ ಕುಗ್ಗಿ ಬಿಗಿಯುತ್ತದೆ. ಯುದ್ಧದ ಮೊದಲ ವರ್ಷಗಳಲ್ಲಿ ಆ ಡೋಪಿನ ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕದಿಂದ ಕಾರ್ಖಾನೆಯ ಹೆಣ್ಣುಮಕ್ಕಳು ಯಕೃತ್ತು ಕೆಟ್ಟು ಕಾಮಾಲೆಯಾಗಿ ಸತ್ತರು. ವಾಯುಯುದ್ಧದ ಕಥೆಗಳಲ್ಲಿ ಅವರ ಲೆಕ್ಕ ಬರುವುದೇ ಇಲ್ಲ. ಬರಬೇಕು.

ಮೂತಿಯ ಮೇಲೆ ಎರಡು ವಿಕರ್ಸ್ ಮೆಷಿನ್‌ಗನ್, ಒಂದೊಂದಕ್ಕೆ 250 ಗುಂಡು. ಬಿಡದೆ ಹಾರಿಸಿದರೆ ಹೆಚ್ಚೆಂದರೆ ಅರ್ಧ ನಿಮಿಷ. ಗುಂಡು ಪ್ರೊಪೆಲ್ಲರ್ ಅಲಗುಗಳ ನಡುವೆ ತೂರಿಹೋಗುವಂತೆ ಎಂಜಿನ್ನಿಗೆ ಜೋಡಿಸಿದ ಗೇರು ಹೊತ್ತು ಹಿಡಿಯುತ್ತಿತ್ತು. ಮದ್ದು ತಡವಾಗಿ ಹೊತ್ತುವ ಒಂದು ಕೆಟ್ಟ ಗುಂಡು ಸಾಕು, ಸ್ವಂತ ಪ್ರೊಪೆಲ್ಲರಿಗೇ ತೂತು. ಎತ್ತರದ ಚಳಿಗೆ ಬಂದೂಕಿನ ಎಣ್ಣೆ ಗಟ್ಟಿಯಾಗಿ ಸಿಕ್ಕಿಕೊಳ್ಳುವುದೂ ಇತ್ತು. ಬಡಿದು ಬಿಡಿಸಲು ಪೈಲಟ್ಟುಗಳು ಮರದ ಕೊಡತಿ ಇಟ್ಟುಕೊಳ್ಳುತ್ತಿದ್ದರು. ಪ್ಯಾರಾಶೂಟ್ ಇರಲಿಲ್ಲ.

28ನೇ ಸ್ಕ್ವಾಡ್ರನ್ 1917ರ ಅಕ್ಟೋಬರ್ 8ರಂದು ಫ್ರಾನ್ಸಿಗೆ ಹೋಯಿತು. ಮಲಿಕ್ ಅವರ ಫ್ಲೈಟ್ ಕಮಾಂಡರ್ ವಿಲಿಯಂ ಬಾರ್ಕರ್, ಮುಂದೆ ವಿಕ್ಟೋರಿಯಾ ಕ್ರಾಸ್ ಪಡೆದ ಕೆನಡಾದ ಪೈಲಟ್. ಅಕ್ಟೋಬರ್ 26ರಂದು ಹವೆ ಕೆಟ್ಟಿದ್ದರೂ ಬಾರ್ಕರ್ ಕೆಲವರನ್ನು ಕರೆದುಕೊಂಡು ಶತ್ರು ಗೆರೆಯಾಚೆಯ ಮಾರ್ಕೆ ವಿಮಾನ ನಿಲ್ದಾಣದ ಮೇಲೆ ಹೊರಟರು. ಜರ್ಮನಿಯ ಹೆಸರಾಂತ ಪೈಲಟ್ ರಿಕ್ಟೋಫನ್ನನ ಪಡೆ ಇದ್ದ ಜಾಗ ಅದು. ಮೋಡದಲ್ಲಿ ತಂಡ ಚದುರಿತು. ಮಲಿಕ್ ಅವರ ಬಲಗಾಲಿಗೆ ಗುಂಡು ಹೊಕ್ಕವು. ಬೆನ್ನಟ್ಟಿದ ಜರ್ಮನ್ ವಿಮಾನಗಳಿಂದ ತಪ್ಪಿಸಿಕೊಳ್ಳುತ್ತ ಕೆಳಮಟ್ಟದಲ್ಲಿ ಬಂದು ಮಿತ್ರಪಡೆಯ ಗೆರೆಯ ಈಚೆಗೆ ಕೆಸರಿನಲ್ಲಿ ಬಿದ್ದರು. ವಿಮಾನದಲ್ಲಿ ನಾನೂರಕ್ಕೂ ಹೆಚ್ಚು ಗುಂಡಿನ ತೂತುಗಳಿದ್ದವೆಂದು ಅವರು ಹೇಳಿದ್ದಾರೆ. ಇಷ್ಟು ತೂತಾದರೂ ಹಾರಿದ್ದು ಹೇಗೆ ಎಂದರೆ, ಬಟ್ಟೆಯ ಮೇಲಿನ ತೂತು ವಿಮಾನವನ್ನು ಬೀಳಿಸುವುದಿಲ್ಲ. ಸ್ಪಾರ್ ಎಂಬ ರೆಕ್ಕೆಯ ತೊಲೆ, ಕಂಟ್ರೋಲ್ ತಂತಿ, ಟ್ಯಾಂಕ್, ಎಂಜಿನ್, ಮನುಷ್ಯ, ಇವುಗಳಿಗೆ ತಗುಲಿದ್ದು ಮಾತ್ರ ಲೆಕ್ಕಕ್ಕೆ. ಎರಡು ಗುಂಡುಗಳು ಅವರ ಕಾಲಿನಲ್ಲೇ ಉಳಿದವು.

ವಾಸಿಯಾಗಿ ಅವರು ಇಟಲಿಗೆ ಹೋಗಿದ್ದ ತಮ್ಮ ಸ್ಕ್ವಾಡ್ರನ್ ಸೇರಿಕೊಂಡರು. ಅಲ್ಲಿ ಅವರನ್ನು ಕ್ಯಾಮಲ್‌ನಿಂದ ಇಳಿಸಿದ್ದು ಶತ್ರುವಿನ ಗುಂಡಲ್ಲ, ಹರಳೆಣ್ಣೆ. ಎಂಜಿನ್ನಿನಿಂದ ಬರುವ ಎಣ್ಣೆಯ ಹಬೆ ಅವರ ಮೈಗೆ ಒಗ್ಗಲಿಲ್ಲ, ಅಲರ್ಜಿಯಾಯಿತು. ದಿನವೂ ಅದನ್ನೇ ಉಸಿರಾಡುವ ಕೆಲಸದಲ್ಲಿ ಇದಕ್ಕೆ ಔಷಧಿಯಿಲ್ಲ, ವಿಮಾನ ಬದಲಿಸುವುದೊಂದೇ ದಾರಿ. ಅವರನ್ನು ಇಂಗ್ಲೆಂಡಿಗೆ ಕಳಿಸಿ, ಬಿಗ್ಗಿನ್ ಹಿಲ್‌ನಲ್ಲಿದ್ದ 141ನೇ ಸ್ಕ್ವಾಡ್ರನ್‌ನ ಬ್ರಿಸ್ಟಲ್ ಫೈಟರ್‌ಗೆ ಹಾಕಿದರು. ಬ್ರಿಸ್ಟಲ್‌ನದು ರೋಲ್ಸ್ ರಾಯ್ಸ್ ಫಾಲ್ಕನ್, ಹನ್ನೆರಡು ಸಿಲಿಂಡರಿನ, ನೀರಿನಿಂದ ತಣಿಯುವ, ನಿಂತ ಎಂಜಿನ್. ಅದರಲ್ಲಿ ಎಣ್ಣೆ ಒಳಗೇ ಸುತ್ತಿ ಟ್ಯಾಂಕಿಗೆ ಮರಳುತ್ತದೆ, ಮುಖಕ್ಕೆ ಬರುವುದಿಲ್ಲ. ಕೊನೆಗೆ 11ನೇ ಸ್ಕ್ವಾಡ್ರನ್‌ನೊಂದಿಗೆ ಮತ್ತೆ ಫ್ರಾನ್ಸಿಗೆ ಹೋದರು.

ಯುದ್ಧ ಮುಗಿಯಿತು. ತಾತ್ಕಾಲಿಕವಾಗಿ ತೆರೆದ ಬಾಗಿಲು ಮುಚ್ಚಿಕೊಂಡಿತು. ಭಾರತೀಯರಿಗೆ ರಾಯಲ್ ಏರ್‌ಫೋರ್ಸ್‌ನಲ್ಲಿ ಮುಂದಿನ ದಾರಿ ಕಾಣಲಿಲ್ಲ. ಮಲಿಕ್ ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಸೇರಿ ಪಂಜಾಬಿನಲ್ಲಿ ಆಡಳಿತಕ್ಕಿಳಿದರು. ಭಾರತೀಯರನ್ನು ಕ್ರಾನ್‌ವೆಲ್‌ನ ವಾಯುಪಡೆ ಕಾಲೇಜಿಗೆ ಸೇರಿಸಬಹುದು ಎಂದು ಸ್ಕೀನ್ ಸಮಿತಿ ಹೇಳಲು 1926 ಬೇಕಾಯಿತು. ಮೊದಲ ಕೆಡೆಟ್‌ಗಳು ಹೋದದ್ದು 1930ರಲ್ಲಿ. ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು, ಅದರ ಮೊದಲ ಸ್ಕ್ವಾಡ್ರನ್ ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ನಿಂತದ್ದು 1933ರ ಏಪ್ರಿಲ್ 1ರಂದು. 1917ರಲ್ಲೇ ಕ್ಯಾಮಲ್‌ನಂಥ ವಿಮಾನವನ್ನು ಭಾರತೀಯರು ಯುದ್ಧದಲ್ಲಿ ಹಾರಿಸಿ ತೋರಿಸಿದ್ದರು. ಆಮೇಲಿನ ಹದಿನೈದು ವರ್ಷ ಅರ್ಹತೆಯ ಕೊರತೆಯಿಂದ ಕಳೆದದ್ದಲ್ಲ, ಅನುಮತಿಯ ಕೊರತೆಯಿಂದ. ಮಲಿಕ್ ಅವರ ಗುಂಡಿನ ಗಾಯಕ್ಕಿಂತ ಆ ಏಪ್ರಿಲ್ 5ರ ಕಾಗದ ದೊಡ್ಡದು ಎಂದು ನಾವು ಎಣಿಸುವುದು ಇದಕ್ಕೇ.

ಐಸಿಎಸ್‌ನಲ್ಲಿ ಅವರು ಲಂಡನ್, ಹ್ಯಾಂಬರ್ಗ್, ನ್ಯೂಯಾರ್ಕ್‌ಗಳಲ್ಲಿ ಭಾರತದ ವ್ಯಾಪಾರ ಪ್ರತಿನಿಧಿಯಾಗಿದ್ದರು. 1944ರಲ್ಲಿ ಪಟಿಯಾಲದ ಪ್ರಧಾನಿಯಾದರು. ನಮ್ಮ ಮೈಸೂರಿನ ದಿವಾನಗಿರಿಯಂಥದ್ದೇ ಹುದ್ದೆ. ಮಹಾರಾಜರಿಗೆ ಉತ್ತರ ಕೊಡಬೇಕು, ಬ್ರಿಟಿಷರನ್ನೂ ನಿಭಾಯಿಸಬೇಕು. ಆದರೆ 1947ರಲ್ಲಿ ಮೈಸೂರಿನ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರ ಮುಂದಿದ್ದದ್ದು ಜವಾಬ್ದಾರಿ ಸರ್ಕಾರದ ಚಳವಳಿ. ಚಿತ್ರದುರ್ಗವೂ ಸೇರಿದಂತೆ ಸಂಸ್ಥಾನದ ಊರೂರಿನಲ್ಲಿ ಜನ ಬೀದಿಗಿಳಿದಿದ್ದರು. ಮಲಿಕ್ ಅವರ ಮುಂದಿದ್ದದ್ದು ವಿಭಜನೆ. ಅವರು ಹುಟ್ಟಿದ ರಾವಲ್ಪಿಂಡಿಯ ಸುತ್ತ ಮಾರ್ಚ್ ತಿಂಗಳಲ್ಲೇ ಕೊಲೆಗಳಾಗಿದ್ದವು.

ಮೇ ತಿಂಗಳಲ್ಲಿ ದೆಹಲಿಯಲ್ಲಿ ಜಿನ್ನಾ ಅವರೊಂದಿಗೆ ಸಿಖ್ ಮುಖಂಡರ ಮಾತುಕತೆ ನಡೆಯಿತು. ಪಟಿಯಾಲದ ಮಹಾರಾಜ ಯಾದವೀಂದ್ರ ಸಿಂಗ್, ಮಾಸ್ಟರ್ ತಾರಾ ಸಿಂಗ್, ಗ್ಯಾನಿ ಕರ್ತಾರ್ ಸಿಂಗ್ ಮತ್ತು ಮಲಿಕ್ ಇದ್ದರು. ಮಲಿಕ್ ಹೇಳಿಕೊಂಡಿರುವಂತೆ, ಪಾಕಿಸ್ತಾನಕ್ಕೆ ಬಂದರೆ ಸಿಖ್ಖರು ಕೇಳಿದ್ದನ್ನೆಲ್ಲ ಕೊಡಲು ಜಿನ್ನಾ ಸಿದ್ಧರಿದ್ದರು. ಮಲಿಕ್ ಕೇಳಿದ್ದು ಒಂದೇ ಪ್ರಶ್ನೆ: ನಾಳೆ ನೀವೇ ಇಲ್ಲವಾದರೆ ಈ ಭರವಸೆಗಳನ್ನು ನಡೆಸುವವರು ಯಾರು? ತನ್ನ ಮಾತು ಅಲ್ಲಿ ದೇವರ ಮಾತಿನಂತೆ ನಡೆಯುತ್ತದೆ ಎಂಬರ್ಥದ ಉತ್ತರ ಬಂತು. ಮಾತುಕತೆ ಮುರಿಯಿತು. ಜಿನ್ನಾ 1948ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಮಲಿಕ್ ಅವರನ್ನು ಸೈನ್ಯದೊಳಗೆ ತಂದದ್ದು ಒಬ್ಬ ಗುರುವಿನ ಪತ್ರ, ಒಬ್ಬ ಸೇನಾ ಜನರಲ್‌ನ ಮರ್ಜಿ. ನಿಯಮವಿಲ್ಲದ ಮರ್ಜಿ ಯುದ್ಧ ಮುಗಿದ ಕೂಡಲೇ ಹೇಗೆ ಮುಗಿಯುತ್ತದೆ ಎಂಬುದನ್ನು ಕಂಡಿದ್ದ ಮನುಷ್ಯ ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದರು ಎಂದು ನಮಗೆ ಅನ್ನಿಸುತ್ತದೆ.

1947ರಲ್ಲಿ ಅವರು ಕೆನಡಾಕ್ಕೆ ಹೈಕಮಿಷನರ್ ಆಗಿ ಹೋದರು. 1949ರಿಂದ 1956ರವರೆಗೆ ಪ್ಯಾರಿಸ್. ಯಾವ ಫ್ರಾನ್ಸಿಗಾಗಿ ಆಂಬುಲೆನ್ಸ್ ಓಡಿಸಿದ್ದರೋ ಆ ಫ್ರಾನ್ಸಿನಿಂದಲೇ ಈಗ ಪಾಂಡಿಚೇರಿ, ಕಾರೈಕಾಲ್, ಯಾನಾಂ ಮತ್ತು ನಮ್ಮ ಕರಾವಳಿಯ ದಕ್ಷಿಣಕ್ಕಿರುವ ಮಾಹೆಯನ್ನು ಬಿಡಿಸಿಕೊಳ್ಳಬೇಕಿತ್ತು. ಗೋವಾದಲ್ಲಿ ಪೋರ್ಚುಗೀಸರೊಂದಿಗೆ ಆಗದ ಮಾತುಕತೆ ಇಲ್ಲಿ ಆಯಿತು. ಬಂಗಾಳದಲ್ಲಿದ್ದ ಫ್ರೆಂಚ್ ನೆಲೆ ಚಂದ್ರನಗರ 1950ರಲ್ಲಿ ಕೈಗೆ ಬಂತು. ಉಳಿದ ನಾಲ್ಕರ ವಿಷಯದಲ್ಲಿ 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಜನಪ್ರತಿನಿಧಿಗಳು ಮತ ಹಾಕಿದರು, 21ರಂದು ಒಪ್ಪಂದವಾಯಿತು, ನವೆಂಬರ್ 1ರಂದು ಆಡಳಿತ ಹಸ್ತಾಂತರವಾಯಿತು. ಗುಂಡು ಹಾರಿಸದೆ ನೆಲ ಬಿಡುವ ದಾರಿಯನ್ನು ಫ್ರಾನ್ಸಿಗೆ ಮಾನ ಉಳಿಯುವಂತೆ ಮಾಡಿಕೊಡುವುದು ರಾಯಭಾರಿಯ ಕೆಲಸ, ಮತ್ತು ಆ ಕೆಲಸಕ್ಕೆ ಫ್ರೆಂಚರ ಕಷ್ಟಕಾಲದಲ್ಲಿ ಜೊತೆಗಿದ್ದವರಿಗಿಂತ ತಕ್ಕವರು ಸಿಗುವುದು ಕಷ್ಟ. ಫ್ರಾನ್ಸ್ ಅವರಿಗೆ ಲೀಜನ್ ಆಫ್ ಆನರ್ ಗೌರವ ಕೊಟ್ಟಿತು.

ಪೂರ್ಣ ಹಸ್ತಾಂತರದ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರ ಮೇ 28ರಂದು, ಅವರು ಪ್ಯಾರಿಸ್ ಬಿಟ್ಟ ವರ್ಷ. ಫ್ರೆಂಚ್ ಸಂಸತ್ತು ಅದನ್ನು ಅಂಗೀಕರಿಸಿ ಕಾನೂನು ಪ್ರಕಾರ ಆ ನೆಲ ಭಾರತದ್ದಾಗಲು 1962ರ ಆಗಸ್ಟ್ ಬಂತು. ಆಗ ಮಲಿಕ್ ನಿವೃತ್ತರಾಗಿ ಗಾಲ್ಫ್ ಆಡಿಕೊಂಡಿದ್ದರು. ಅವರು ತೀರಿಕೊಂಡದ್ದು 1985ರ ಅಕ್ಟೋಬರ್ 31ರಂದು, ತೊಂಬತ್ತು ದಾಟಿ.